ದಾರ ಸುತ್ತಿದ ಮೌತ್‌ಪೀಸ್

ಅಣ್ಣಾ,

ನಮ್ಮ ಬ್ಯಾಂಡಿನ ದೊಡ್ಡ ಬಾಜಾ, ಟ್ಯೂಬಾ, ಒರೆಸಿ ಮೂಲ್ಯಾಗ ನಿಲ್ಲಿಸೀನಿ. ಇವತ್ತು ವಾಡಿ ಮದಿವಿ ಮೆರವಣಿಗ್ಯಾಗ ನೀನೇ ಊದು. ಸಡಿಲ ಆಗತದಂತ ನೀ ದಾರ ಸುತ್ತಿ ತುರುಕಿದ ಟ್ರೊಂಬೋನಿನ ಸಣ್ಣ ಮೌತ್‌ಪೀಸ್, ಬಾಯಿಗಿಟ್ಟು ಊದೋದು, ಅದರಾಗೇ ಅದ.

ನನ್ನ ದಪ್ಪ ತುಟಿಗೆ ಟ್ಯೂಬಾದ ಅಗಲ ಬಟ್ಟಲಿನ ಮೌತ್‌ಪೀಸೇ ಬೇಕಂತ ಎಷ್ಟು ಹೇಳಿದೆ. ನೀ ಅದನ್ನ ವೈನಿ ತಮ್ಮಗ ಕೊಟ್ಟಿ. ಚಿತ್ತಾಪುರದ ಮದಿವ್ಯಾಗ ಬಾಜಾ ಆಡು ಒದರಿದಂಗ ಒದರಿತು, ಬೀಗರು ನಕ್ಕರು. ‘ಸಾಲಿ ಬಿಟ್ಟಾಂವ್ರಿ, ಇದೂ ತಲಿಗೆ ಹತ್ತಲಿಲ್ಲ’ ಅಂದಿ ನೀ, ಎಲ್ಲರ ಮುಂದ.

ನನ್ನ ಮೌತ್‌ಪೀಸ್ ವೈನಿ ತಮ್ಮನ ಚೀಲದಿಂದ ತಕ್ಕೊಂಡೀನಿ. ಇವತ್ತು ಹೆಣ್ಣಿನವರು ಸೇಡಂ ಬ್ಯಾಂಡ್ ಕರಸ್ಯಾರ, ನಾ ಅವರ ಟ್ಯೂಬಾ ಊದತೀನಿ. ಗಂಡಿನ ಕಡಿ ನೀ, ಹೆಣ್ಣಿನ ಕಡಿ ನಾ. ನಿನ್ನ ಎದುರಿಗೇ ಬಂದು ನಿಂದರತೀನಿ. ಇವತ್ತೂ ಮಂದಿ ನಗಲಿ.

ಅವ್ವಗ ಗುಳಿಗಿ ಉಂಡ ಮ್ಯಾಲ ಕೊಡು. ಬುಟ್ಟ್ಯಾಗ ರೊಟ್ಟಿ ಅವ, ಹೊಟ್ಟಿತುಂಬ ತಿಂದು ಬಾ. ದಮ್ಮು ಭಾಳ ಬೇಕಾಗ್ತದ.

ಮಾಳಪ್ಪ