ಇಲ್ಲ ಎಂದವರು ಬಡಿಸುವ ಊಟ

ಹುಬ್ಬಳ್ಳಿ,
ಬಿಸಿಲುಬಿಡುವಿನ ಮೂರನೇ ದಿನ, ೨೧೫೧

ಪ್ರೀತಿಯ ಶಾಂಭವಿ ಅಜ್ಜಿಗೆ,

ನಿಮ್ಮ ಮರಿಮೊಮ್ಮಗಳ ಮಗಳು ನೀಲವ್ವ ಮಾಡುವ ನಮಸ್ಕಾರಗಳು. ನಿಮಗೀಗ ಇಪ್ಪತ್ತೆರಡು, ನನಗೆ ಇಪ್ಪತ್ನಾಲ್ಕು. ನನಗಿಂತ ಚಿಕ್ಕವರನ್ನು ಅಜ್ಜಿ ಎನ್ನಲು ಒಂದು ಥರಾ ಆಗುತ್ತದೆ, ಆದರೆ ಹೆಸರು ಹಿಡಿದು ಕರೆದರೆ ನಮ್ಮವ್ವ ಬಿಡುವುದಿಲ್ಲ. ನಿಮ್ಮ ಕಾಲದ ಕನ್ನಡವನ್ನು ಕಷ್ಟಪಟ್ಟು ಕಲಿತು ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ನಮ್ಮ ಕಾಲದ ಪದ ನುಸುಳಿದಲ್ಲಿ ಅರ್ಥ ಹೇಳುತ್ತೇನೆ. ಬಿಸಿಲುಬಿಡುವು ಎಂದರೆ ಬೇಸಿಗೆಯಲ್ಲಿ ಕೋರ್ಟು ನಸುಕಿನಲ್ಲೇ ಕೂತು, ಬಿಸಿಲೇರುವ ಮುಂಚೆ ಎದ್ದುಬಿಡುವ ದಿನಗಳು. ಆಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ನನಗೆ ಮಾತ್ರ ಇವತ್ತು ನಿದ್ದೆ ಬರಲಿಲ್ಲ, ಅದಕ್ಕೇ ಈ ಪತ್ರ.

ನಿಮ್ಮ ಈ ವಾರದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಲಾ ಕಾಲೇಜಿನ ಕೊನೆಯ ವರ್ಷ. ಬೆಂಗಳೂರಿನ ದೊಡ್ಡ ಲಾ ಫರ್ಮುಗಳಿಗೆ ಇಂಟರ್ನ್‌ಶಿಪ್ ಕೇಳಿ ಅರ್ಜಿ ಹಾಕಿದಿರಿ, ಆಮೇಲೆ ಹುಬ್ಬಳ್ಳಿಯ ಸೀನಿಯರ್ ವಕೀಲರ ಕಚೇರಿಗಳಿಗೂ ಹಾಕಿದಿರಿ. ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೊಬೈಲು ಕುಂಯ್ ಅಂದರೆ ಸಾಕು, ಓಡಿ ಹೋಗಿ ಎತ್ತಿಕೊಳ್ಳುತ್ತೀರಿ. ತೆರೆದು ನೋಡಿದರೆ ಸೀರೆ ಅಂಗಡಿಯ ಜಾಹೀರಾತು. ನಾಳೆಯೂ ಉತ್ತರ ಬರದಿದ್ದರೆ ವಕೀಲಿಕೆಯ ಆಸೆ ಬಿಟ್ಟು, ಅವ್ವ ಹೇಳಿದಂತೆ ಬ್ಯಾಂಕ್ ಪರೀಕ್ಷೆಗೆ ಕೂರುವುದೆಂದು ನೀವು ತೀರ್ಮಾನಿಸಿದ್ದೀರಿ. ಆ ತೀರ್ಮಾನದ ಬಗ್ಗೆಯೇ ನನ್ನ ಮಾತು.

ಮೊದಲು ನಮ್ಮಲ್ಲಿ ಹೇಗೆಂದು ಹೇಳುತ್ತೇನೆ. ಇಲ್ಲಿ ಓಣಿಗೊಂದು ಕಾನೂನುಬಾವಿ ಇದೆ. ಬಾವಿ ಅಂದರೆ ನೀರಿನದಲ್ಲ. ನಿಮ್ಮ ಸಂಕಟ ಹೇಳಿದರೆ ಯಾವ ಕಲಂ, ಯಾವ ತೀರ್ಪು ಎಂದು ಕ್ಷಣದಲ್ಲಿ ತೆಗೆದುಕೊಡುವ ಯಂತ್ರ. ಹಾಗಾಗಿ ಕಲಂ ಬಲ್ಲವರನ್ನು ಯಾವ ಕಚೇರಿಯೂ ಹುಡುಕುವುದಿಲ್ಲ. ಅರ್ಜಿ ಹಾಕಿದವರು ಒಂದು ಬೆಳಗ್ಗೆ ಕಕ್ಷಿದಾರರೊಬ್ಬರ ಜೊತೆ ಕೂರಬೇಕು, ಅದನ್ನು ಕೂರಿಕೆ ಅನ್ನುತ್ತೇವೆ. ತೆಗೆದುಕೊಂಡರೆ ಮರುದಿನವೇ ಕೆಲಸ. ತೆಗೆದುಕೊಳ್ಳದಿದ್ದರೆ ಆ ಕಚೇರಿಯವರು ನಿಮ್ಮನ್ನು ಕರೆದು, ಹೊಟ್ಟೆ ತುಂಬ ಬಡಿಸಿ, ಯಾಕೆ ಬೇಡವೆಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಇದಕ್ಕೆ ಕಾರಣದೂಟ ಎಂದು ಹೆಸರು. ಉಣ್ಣುವವರಿಗಿಂತ ಬಡಿಸುವವರಿಗೇ ಇದರ ಭಯ ಹೆಚ್ಚು. ಕೆಲವು ಸೀನಿಯರುಗಳು ಹೋಳಿಗೆ, ಮಾಲ್ದಿ ಎಂದು ಬಡಿಸುತ್ತಲೇ ಇರುತ್ತಾರೆ, ಮಾತೇ ಹೊರಡುವುದಿಲ್ಲ.

ಮೊನ್ನೆ ಒಬ್ಬ ಅಜ್ಜನ ಜೊತೆ ಕೂರಿಕೆಗೆ ಕೂತಿದ್ದೆ, ನಿನ್ನೆ ನನಗೂ ಕಾರಣದೂಟ ಆಯಿತು. ಎಣ್ಣೆಗಾಯಿ ತುಂಬ ಚೆನ್ನಾಗಿತ್ತು, ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯಿತು. ಸೀನಿಯರ್ ಮೇಡಂ ರೊಟ್ಟಿ ಮುರಿಯುತ್ತಾ ನೆಟ್ಟಗೆ ಹೇಳಿದರು: "ಆ ಅಜ್ಜ ಮಾತು ಮುಗಸೂದ್ರಾಗ ನೀ ಮೂರು ಕಲಂ ಹೇಳಿಬಿಟ್ಟಿ. ಅವ ತಮ್ಮನ ಮ್ಯಾಲೆ ಕೇಸು ಹಾಕಾಕ ಬಂದಿದ್ದಿಲ್ಲ ನೋಡು. ಬ್ಯಾಡ ಅಂತ ಯಾರರ ಹೇಳ್ಲಿ ಅಂತ ಬಂದಿದ್ದ." ತಲೆ ತಗ್ಗಿಸಿ ಉಂಡೆ. ಅಳು ಬಂತು, ಮಜ್ಜಿಗೆ ಕುಡಿದು ನುಂಗಿಕೊಂಡೆ. ಆದರೆ ಮುಂದಿನ ಕೂರಿಕೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂದು ನನಗೆ ಗೊತ್ತಾಗಿದೆ. ನಿಮಗೆ ಅದನ್ನು ಹೇಳುವವರೇ ಇಲ್ಲವಲ್ಲ ಎಂದು ನೆನೆದು ನಿನ್ನೆಯಿಂದ ಮರುಗುತ್ತಿದ್ದೇನೆ.

ಈ ಪದ್ಧತಿ ಶುರುವಾದದ್ದು ನಿಮ್ಮಿಂದ. ಕಥೆಯಲ್ಲಿ ನೀವು ನಾಳೆ ಮಧ್ಯಾಹ್ನ, ಅರ್ಜಿ ಹಾಕಿದ್ದ ಸೀನಿಯರುಗಳಲ್ಲಿ ಒಬ್ಬರಾದ ಹಂಚಿನಮನಿ ವಕೀಲರ ಕಚೇರಿಗೆ ಹೋಗಿ, ಯಾಕೆ ಉತ್ತರ ಕೊಡಲಿಲ್ಲ ಎಂದು ಕೇಳುತ್ತೀರಿ. ಅವರು ಆಗಷ್ಟೇ ಡಬ್ಬಿ ಬಿಚ್ಚಿರುತ್ತಾರೆ. ನಿಮ್ಮ ಅರ್ಜಿ ಹುಡುಕಿ ತೆಗೆದು, "ಸಣ್ಣಾಕಿ ಇದ್ದಾಗಿಂದ ಒಂದು ಆಫೀಸಿನಾಗ ಕಲೀಬೇಕಂತ ಆಸೆ ಅಂತ ಬರದೀಯಲ್ಲ ತಂಗಿ, ಆ ಆಫೀಸು ನಮ್ಮದಲ್ಲ, ಎದುರಿನವರದು" ಎನ್ನುತ್ತಾರೆ. ಹೌದು ಅಜ್ಜಿ. ಒಂದೇ ಅರ್ಜಿಯನ್ನು ಎಲ್ಲರಿಗೂ ಕಳಿಸುವಾಗ ಹೆಸರು ಬದಲಿಸಲು ಮರೆತಿದ್ದೀರಿ. ಆಗ ನೀವು, "ತಪ್ಪು ನಂದ ಐತ್ರಿ ಸರ್. ಒಂದು ಮಾತು ಹೇಳಿದ್ರ ಅವತ್ತ ತಿದ್ಕೋತಿದ್ನಲ್ರಿ" ಎನ್ನುತ್ತೀರಿ. ಅವರು ಡಬ್ಬಿಯ ಮುಚ್ಚಳದಲ್ಲಿ ಎರಡು ರೊಟ್ಟಿ, ಝುಣಕ ಹಾಕಿ ನಿಮ್ಮತ್ತ ಸರಿಸುತ್ತಾರೆ. ಅರ್ಜಿಯ ತುಂಬ ಅಂಕಗಳನ್ನೇ ಬರೆದಿದ್ದೀರಿ, ಓಣಿಯ ಮುದುಕಿಯರ ಪಿಂಚಣಿಗಾಗಿ ತಹಶೀಲ್ದಾರ್ ಕಚೇರಿಗೆ ಅಲೆದದ್ದನ್ನು ಕೊನೆಗೆ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅದೇ ಮೊದಲು ಬರಬೇಕಿತ್ತು ಎಂದು ತಿಳಿಸಿ ಹೇಳುತ್ತಾರೆ. ಮುಂದೆ ನಿಮ್ಮದೇ ಕಚೇರಿಯಾದಾಗ, ಬೇಡವೆಂದ ಯಾರನ್ನೂ ನೀವು ಉಣ್ಣಿಸದೆ ಕಳಿಸಲಿಲ್ಲವಂತೆ.

ಇನ್ನೊಂದು ಮಾತು ಮುಚ್ಚಿಡಲಾರೆ. ಹಂಚಿನಮನಿ ವಕೀಲರು ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ. ಅವರಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಹೇಳಿ ತಪ್ಪು ಮಾಡಿದೆನೋ ಎಂದು ಈಗ ನನಗೆ ಹೆದರಿಕೆ. ನಾಚಿಕೆಯಾಗಿ ನೀವು ಮನೆಯಲ್ಲೇ ಕೂತು ಹೆಸರು ತಿದ್ದಿ, ಮತ್ತೆ ಮೇಲ್ ಕಳಿಸಿ ಸುಮ್ಮನಾಗಬಹುದು. ದಯವಿಟ್ಟು ಹಾಗೆ ಮಾಡಬೇಡಿ. ತಿದ್ದಿದ ಅರ್ಜಿಗೂ ಅವರು ಉತ್ತರ ಕೊಡುವುದಿಲ್ಲ, ನಿಮ್ಮ ಮುಖ ಕಂಡರೆ ಕೊಡುತ್ತಾರೆ. ನೀವು ಹೋಗದಿದ್ದರೆ ನಿನ್ನೆ ನನಗೂ ಯಾರೂ ಏನೂ ಹೇಳುತ್ತಿರಲಿಲ್ಲ, ನಾನೂ ಇವತ್ತು ಯಾವುದಾದರೂ ಬ್ಯಾಂಕ್ ಪರೀಕ್ಷೆಯ ಪುಸ್ತಕ ತೆರೆದು ಕೂತಿರುತ್ತಿದ್ದೆ.

ನಾಳೆ ಊಟದ ಹೊತ್ತಿಗೆ ಸರಿಯಾಗಿ ಹೊರಡಿ. ಉಂಡು ಹೋಗು ಎಂದು ನಿಮ್ಮವ್ವ ಹಟ ಹಿಡಿಯುತ್ತಾರೆ, ಬಂದು ಉಣ್ಣುತ್ತೇನೆ ಎನ್ನಿ. ಹಸಿದುಕೊಂಡೇ ಹೋಗಿ, ಅಜ್ಜಿ.

ನಿಮ್ಮ
ನೀಲವ್ವ