ಲೋಟದ ಬುಡದ ಚಂದ್ರ

ಬನಿಯಾಸ್, ಅಬುಧಾಬಿ
ಮಾರ್ಚ್ ೨೦೧೪

ಪ್ರೀತಿಯ ಮಾವ,

ನಿಂತಿದ್ದರೆ ಕೂತುಕೊಂಡು ಓದಿ. ಹಿಪ್ಪಿಗಳ ಹುಣ್ಣಿಮೆ ಹಾಡಿನ ಕೂಟಕ್ಕೆ ನಿಮ್ಮ ಕುಮಟಾ ಪ್ರೆಸ್ಸಿನಲ್ಲಿ ನೀವು ಅಚ್ಚು ಹಾಕಿದ ಕರಪತ್ರ ಸಿಕ್ಕಿತು! ಅದಕ್ಕಾಗಿ ನಾನು ಗೋಕರ್ಣದ ಅಟ್ಟಗಳನ್ನೆಲ್ಲ ಜಾಲಾಡಿದ್ದೆ. ಅದು ಇದ್ದದ್ದು ಇಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗಿನ ಟೈಲರ್ ಉಸ್ಮಾನ್ ಕಾಕನ ಟ್ರಂಕಿನ ಮುಚ್ಚಳದೊಳಗೆ. ಆಗ ಅವರು ಗೋಕರ್ಣದ ಕಡಲ ದಂಡೆಯಲ್ಲಿ ಚಹಾ ಮಾರುತ್ತಿದ್ದರಂತೆ. ಗಲ್ಫಿಗೆ ಹೊರಡುವಾಗ ಚಂದ ಕಾಣಲೆಂದು ಮೈದಾ ಅಂಟು ಹಚ್ಚಿ ಅಂಟಿಸಿದ್ದಂತೆ.

ಹೊರಗೆ ಮರಳು ಗಾಳಿ ಬೀಸುತ್ತಿತ್ತು. ಕಾಕ ಮುಚ್ಚಳ ಎತ್ತಿದರೆ ಒಳಗೊಂದು ನೇರಳೆ ಸಮುದ್ರ! ಅಲೆಗಳೆಲ್ಲ ನೀವು ಮದುವೆ ಕಾಗದಗಳಿಗೆ ಹಾಕುತ್ತಿದ್ದ ಬಾರ್ಡರು, ನೆತ್ತಿಯಲ್ಲಿ ಅದೇ ಮದುವೆ ಗಣಪತಿ, ನಡುವೆ ಚಂದ್ರ. ಚಂದ್ರನ ಅಚ್ಚಿನ ಬ್ಲಾಕ್ ಇಲ್ಲದೆ ಅತ್ತೆಯ ಹಿತ್ತಾಳೆ ಲೋಟದ ಬುಡಕ್ಕೆ ಶಾಯಿ ಹಚ್ಚಿ ಒತ್ತಿದೆ ಎಂದು ನೀವು ಹೇಳಿದಾಗಲೆಲ್ಲ ಮನೆಯವರು ನಂಬದೆ ನಗುತ್ತಿದ್ದರಲ್ಲ, ಎಲ್ಲರಿಗಿಂತ ಜೋರಾಗಿ ಅತ್ತೆ? ಈ ಚಂದ್ರನ ಒಂದು ಬದಿ ನೆಗ್ಗಿದೆ, ಮಾವ.

ನನಗೆ ಕೊಡುತ್ತೀರಾ ಎಂದು ಕೇಳಿದೆ. “ಕೀಳ್ಲಿಕ್ಕೆ ಹೋದ್ರೆ ಹರೀತದೆ ಮಗಳೇ,” ಎಂದರು ಕಾಕ. “ಇಲ್ಲಿಗೆ ಬಂದ ಹೊಸ್ತರಲ್ಲಿ ರುವೈಸ್‌ನ ಕಂಪೆನಿ ರೂಮಲ್ಲಿ ನಿದ್ದೆ ಬಾರದಿದ್ರೆ ಈ ಮುಚ್ಚಳ ತೆಗ್ದಿಟ್ಟೇ ನಾನು ಮಲಗ್ತಾ ಇದ್ದದ್ದು.” ಮತ್ತೆ ಕೇಳಲು ಮನಸ್ಸಾಗಲಿಲ್ಲ.

ನನ್ನ ಕೆಮ್ಮು ಕಡಿಮೆಯಾಗಿದೆ, ಅಮ್ಮನಿಗೆ ತಿಳಿಸಿ. ಕಾರ್ಡಿನಲ್ಲಿ ಜಾಗ ಖಲಾಸ್. ಅತ್ತೆ ಈಗಲೂ ಅದೇ ಲೋಟದಲ್ಲಿ ಅಕ್ಕಿ ಅಳೆಯುತ್ತಾರಲ್ಲ? ಇವತ್ತು ಅನ್ನಕ್ಕಿಡುವ ಮೊದಲು ಒಮ್ಮೆ ಮಗುಚಿ ಅದರ ಬುಡ ನೋಡಲು ಹೇಳಿ.

ನಿಮ್ಮ
ಅಶ್ಮಿತಾ