ಕಂಬದ ಗುಳಿಯಲ್ಲಿ ಸಿಕ್ಕ ಹಲ್ಲು

ಕಾಮಿನೊಸವಾ, ಹೊಳೆಯ ಈಚೆ ದಡ
ನವೆಂಬರ್ ೧೮, ಸೋಮವಾರ

ಪ್ರೀತಿಯ (ಹೀಗೆ ಬರೆಯಲು ಕೈ ಒಪ್ಪುತ್ತಿಲ್ಲ, ಆದರೆ ಹಳೆಯ ಅಭ್ಯಾಸ) ಕಿಕುಯೊ,

ಹೊಳೆಯ ಎರಡೂ ದಡದ ಸಮಸ್ತ ಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಮುಂದಿನ ಹಲ್ಲು ಸಿಕ್ಕಿದೆ. ಪಂದ್ಯಾವಳಿಯ ದಿನದಿಂದ ತಲೆಮರೆಸಿಕೊಂಡಿದ್ದ ಅದು, ಆಟದ ಹಾಲ್‌ನಲ್ಲಿ ನೆಟ್ಟಿನ ಕಂಬ ನಿಲ್ಲಿಸುವ ಗುಳಿಯೊಳಗೆ ಯಾರದೋ ಹೇರ್‌ಪಿನ್ನಿನ ಜೊತೆ ಸಂಸಾರ ಹೂಡಿತ್ತು. ಕಸ ಗುಡಿಸುವ ಮಾತ್ಸುಯೊ ಅದನ್ನು ಚಹಾ ಬಟ್ಟಲಿನಲ್ಲಿಟ್ಟು ತಂದುಕೊಟ್ಟಳು. ಸಾಮಾನ್ಯ ಹಲ್ಲೆಂದು ತಿಳಿಯಬೇಡ. ನಿನ್ನನ್ನು ಆಜೀವ ನಿಷೇಧದಿಂದ ಉಳಿಸಿದ್ದು ಅದೇ. ಪತ್ರ ಹರಿಯದೆ ಓದು. ಸಮಿತಿಯ ಮುಂದೆ ನಾನು ಹೇಳಿದ ಸುಳ್ಳು ನಿನಗೂ ಬಾಯಿಪಾಠವಾಗಬೇಕು. ಅದಕ್ಕೆ ಮೊದಲು ನಿಜ ನೆನಪಿರಬೇಕು.

ನಿಜ ಹೀಗಿದೆ. ತಾಯಂದಿರ ವಾಲಿಬಾಲ್ ಪಂದ್ಯಾವಳಿ, ಶಾಲೆಗೊಂದು ತಂಡ, ತಂಡಕ್ಕೆ ಒಂಬತ್ತು ತಾಯಂದಿರು, ಮಕ್ಕಳು ಶಾಲೆ ಬಿಟ್ಟು ಎಷ್ಟು ವರ್ಷವಾಗಿದ್ದರೂ ಸರಿ. ಬೆಳಿಗ್ಗೆಯೇ ರಕ್ತದ ಶುಭಾರಂಭವಾಗಿತ್ತು. ಮೊದಲ ಆಟದಲ್ಲಿ ಒಬ್ಬಳ ಬೆರಳು ಲಟಕ್ಕೆಂದಿತು. ಎರಡನೆಯದರಲ್ಲಿ ಸರ್ವ್ ಮಾಡಿದ ಚೆಂಡು ಸ್ಕೋರು ಬರೆಯುವವಳ ಮೂಗಿಗೆ ಬಡಿದು, ಅಂಕಪಟ್ಟಿಯ ಮೇಲೆ ಕೆಂಪು ಚಿತ್ತಾರ. ಸೆಮಿಫೈನಲ್‌ನಲ್ಲಿ ನೀವು ನಮ್ಮನ್ನು ಸೋಲಿಸಿದಿರಿ. ಅದನ್ನು ಇಲ್ಲಿ ವಿವರಿಸುವುದಿಲ್ಲ, ನನಗೂ ಮಾನವಿದೆ.

ಸೋತವರು ಮುಂದಿನ ಆಟಕ್ಕೆ ತೀರ್ಪುಗಾರರಾಗಬೇಕೆಂಬುದು ನಮ್ಮಲ್ಲಿಯ ಕಟ್ಟಳೆ. ಆದರೆ ಫೈನಲ್‌ಗೆ ಮಾತ್ರ ಪಂದ್ಯಾವಳಿ ನಡೆಸುವ ಸಂಘದವರೇ ಗೆರೆಯ ಮೂಲೆಯಲ್ಲಿ ಬಾವುಟ ಹಿಡಿಯುತ್ತಾರೆ. ಆಗಷ್ಟೇ ಸೋತು ಕುದಿಯುತ್ತಿರುವ ಹೆಂಗಸಿನ ಕೈಗೆ ಕೋಲು ಕೊಡಬಾರದೆಂಬ ವಿವೇಕ ಹಿರಿಯರಿಗಿತ್ತು. ಅವತ್ತು ಸಂಘದ ಬಾವುಟದಾಕೆ ಕಿವಿಗೆ ಚೆಂಡು ತಗುಲಿ ಉಗ್ರಾಣದ ಚಾಪೆಯ ಮೇಲೆ ಮಂಜುಗಡ್ಡೆ ಇಟ್ಟುಕೊಂಡು ಮಲಗಿದ್ದಳು. ಅಧ್ಯಕ್ಷ ಒನೊದೆರಾ ಅವರಿಗೆ ಗಡಿಯಾರದ್ದೊಂದೇ ಚಿಂತೆ. "ಐದಕ್ಕೆ ಹಾಲ್ ಬಿಟ್ಕೊಡ್ಬೇಕು ಕಣ್ರಮ್ಮಾ! ಹಿಸನೊ ಅವ್ರೇ, ನೀವೇ ಹೋಗಿ ಮೂಲೇಲಿ ನಿಂತ್ಕೊಳ್ಳಿ" ಎಂದು ನನ್ನ ಕೈಗೆ ಬಾವುಟ ತುರುಕಿದರು.

ನಿಂತೆ. ಕೊನೆಯ ಅಂಕ. ನೀನು ಹಾರಿದೆ, ಹೊಡೆದೆ, ಚೆಂಡು ನನ್ನ ಕಾಲ ಬಳಿ ಬಿತ್ತು. ನಾನು ಬಾವುಟ ಮೇಲೆತ್ತಿದೆ. ಔಟ್.

"ಕಣ್ಣೇನು ಅಡುಗೆಮನೇಲಿ ಬಿಟ್ಬಂದಿದ್ಯೇನೇ?" ಅಂದೆ ನೀನು.

"ಹೊಡೆಯೋಕ್ಕೆ ಬರದೋರು ಬೇರೆಯವ್ರ ಕಣ್ಣು ಹುಡುಕ್ತಾರೆ" ಅಂದೆ ನಾನು. ಹಲ್ಲೆಲ್ಲ ಇದ್ದ ಬಾಯಿಂದ ನಾನಾಡಿದ ಕೊನೆಯ ವಾಕ್ಯ ಅದು.

ನಿನ್ನ ಮೊಣಕೈ ಬಂತು. ನಾನು ಕೂದಲು ಹಿಡಿದೆ. ಬಾವುಟ ಕಿತ್ತುಕೊಂಡು ಅದರ ಕೋಲಿನಿಂದಲೇ ನನ್ನ ಬೆನ್ನು ಒಗೆದೆ ನೀನು. ನಿಮ್ಮ ಎಂಟು ಜನ ಬಂದರು, ನಮ್ಮ ಎಂಟು ಜನ ಬಂದರು. ಯಾರೋ ಕಂಬ ಕಿತ್ತರು, ನೆಟ್ ಬಿತ್ತು, ಅದರೊಳಗೆ ಮೂವರು ಮೀನಿನ ಹಾಗೆ ಒದ್ದಾಡುತ್ತಲೇ ಒಬ್ಬರನ್ನೊಬ್ಬರು ಕಚ್ಚಿದರು. ಬಹುಮಾನದ ಸೋಪಿನ ಪುಡಿಯ ಡಬ್ಬಗಳು ಆಯುಧಗಳಾಗಿ ಒಡೆದು, ರಕ್ತ ಬಿದ್ದಲ್ಲೆಲ್ಲ ನೊರೆ. ಫೈನಲ್ ಗೆದ್ದ ನಿಮ್ಮ ಎದುರಾಳಿ ತಂಡ ಬಹುಮಾನದ ಅಕ್ಕಿ ಮೂಟೆಗಳ ಹಿಂದೆ ಅಡಗಿತ್ತು. ಒನೊದೆರಾ ಅವರ ಬಾಯಿಂದ ಸೀಟಿ ಕಿತ್ತು ಬಾರ್ಲಿ ಚಹಾದ ಕೆಟಲ್‌ಗೆ ಹಾಕಿದವರು ಯಾರೆಂದು ಇನ್ನೂ ತಿಳಿದಿಲ್ಲ. ಪಾಪ, ಅವರು ಬರಿಬಾಯಲ್ಲೇ "ಐದು ಗಂಟೆ! ಐದು ಗಂಟೆ!" ಎಂದು ಕೂಗುತ್ತಿದ್ದರು.

ಇದು ನಿಜ. ಇನ್ನು ಮರೆತುಬಿಡು.

ನಿನ್ನೆ ಸಂಘದ ಸಮಿತಿ ಸೇರಿತು. ನಿನಗೆ ಆಜೀವ ನಿಷೇಧ ಎಂದು ಅರ್ಧ ತೀರ್ಮಾನವಾಗಿಯೇ ಇತ್ತು. ನಾನು ಎದ್ದು ನಿಂತು ಚಹಾ ಬಟ್ಟಲನ್ನು ಮೇಜಿನ ಮೇಲಿಟ್ಟೆ.

"ಹಲ್ಲು ಕಂಬದ ಗುಳೀಲಿ ಸಿಕ್ತು. ಅಂದ್ಮೇಲೆ ಹೊಡೆದಿದ್ದು ಕಂಬ. ಕಿಕುಯೊ ನನ್ನ ಹಿಡ್ಕೊಳ್ಳೋಕ್ಕೆ ಓಡಿ ಬಂದ್ಲು, ಪಾಪ."

ಹಲ್ಲಿಲ್ಲದ ಬಾಯಿಂದ 'ಪಾಪ' ಹೊರಡುವಾಗ ಉಗುಳು ಅಧ್ಯಕ್ಷರ ಕನ್ನಡಕಕ್ಕೆ ಹಾರಿತು. ಅವರು ಒರೆಸಿಕೊಂಡು ಸುತ್ತ ನೋಡಿದರು. ಕೂತವರಲ್ಲಿ ಒಬ್ಬಳ ಕಣ್ಣು ನೇರಳೆ, ಇನ್ನೊಬ್ಬಳ ಕೈಗೆ ಪಟ್ಟಿ. ಎಲ್ಲರೂ ಕಂಡವರೇ, ಎಲ್ಲರೂ ಹೊಡೆದವರೇ.

"ಹೌದೌದು, ಆ ಕಂಬ ಮೊದ್ಲಿಂದ್ಲೂ ಸರಿಯಿಲ್ಲ" ಎಂದಳು ನೇರಳೆ ಕಣ್ಣಿನಾಕೆ.

ಕಂಬಕ್ಕೆ ಆಜೀವ ನಿಷೇಧವಾಯಿತು. ನಿನಗೆ ಎಚ್ಚರಿಕೆ: ಯಾರಾದರೂ ಕೇಳಿದರೆ ನೀನು ನನ್ನನ್ನು ಹಿಡಿದುಕೊಳ್ಳಲು ಬಂದವಳು. ನಗದೆ ಹೇಳು.

ಇದೆಲ್ಲ ನಿನ್ನ ಮೇಲಿನ ಪ್ರೀತಿಯಿಂದಲ್ಲ. ವಸಂತಕ್ಕೆ ನಿಮ್ಮ ಶಾಲೆ ಮುಚ್ಚುತ್ತದೆ, ತಂಡವೂ ಮುಗಿಯಿತು. ಅಲ್ಲಿಯ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಮಕ್ಕಳು ಬಂದ ಮೇಲೆ ತಾಯಂದಿರೂ ಬರಬೇಕು. ನಿನ್ನ ಮಗನಿಗೆ ಮೀಸೆ ನರೆಯುತ್ತಿದ್ದರೂ ತಾಯಿ ತಾಯಿಯೇ. ನಮ್ಮಲ್ಲಿ ಮುಂದಿನ ಸಾಲಿನ ಎಡಮೂಲೆ ಖಾಲಿಯಿದೆ. ಶಾಲೆಯ ದಿನಗಳಲ್ಲಿ ನಾನು ಎತ್ತಿಕೊಟ್ಟ ಚೆಂಡನ್ನು ನೀನು ಹೊಡೆಯುತ್ತಿದ್ದುದು ಅಲ್ಲಿಂದಲೇ. ಮದುವೆಯಾಗಿ ಹೊಳೆಯಾಚೆ ಹೋದ ಮೇಲೆ, ಅಲ್ಲಿ ನಿನಗೆ ಸರಿಯಾಗಿ ಎತ್ತಿಕೊಡುವವರು ಒಬ್ಬರೂ ಸಿಗಲಿಲ್ಲ. ಅದು ನನಗೆ ಈಚೆಯಿಂದಲೇ ಕಾಣುತ್ತಿತ್ತು.

ಮುಂದಿನ ಬಾರಿ ಹೊಡೆಯುವುದಿದ್ದರೆ ಚೆಂಡನ್ನು ಹೊಡಿ.

ನಿನ್ನ, ಒಂದು ಹಲ್ಲು ಕಡಿಮೆಯ,
ಹಿಸನೊ

ಮರೆತಿದ್ದು: ಚೆಂಡು ಔಟೇ, ಹೆಬ್ಬೆರಳಗಲ. ಸಾಯುವ ತನಕ ಔಟೇ. ಆದರೆ ಅದು ನಿನ್ನ ತಂಡದ ಕೊನೆಯ ಆಟವೆಂದು ನನಗೆ ಗೊತ್ತಿತ್ತು. ಒಳಗೆ ಬೀಳಲಿ ಎಂದು ನನ್ನಷ್ಟು ಬೇಡಿಕೊಂಡವರು ಆ ಹಾಲ್‌ನಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಬಾವುಟ ಎತ್ತಿದೆ ಕಣೆ. ಅದೇ ಬಾವುಟವನ್ನು ನೀನು ಅವತ್ತು ಹೆಗಲ ಮೇಲಿಟ್ಟುಕೊಂಡು ಹೋಗಿದ್ದೀಯ. ಭಾನುವಾರ ಶಾಲಾ ಮಕ್ಕಳ ಪಂದ್ಯವಿದೆ, ನಾಲ್ಕು ಮೂಲೆಗೆ ಸಂಘದಲ್ಲಿ ಮೂರೇ ಬಾವುಟ ಉಳಿದಿವೆ, ತಂದುಕೊಡು. ಕೆಂಪು ಬಟ್ಟೆಯಾದ್ದರಿಂದ ರಕ್ತ ಕಾಣಿಸುವುದಿಲ್ಲ, ಆದರೆ ಒಣಗಿ ಗಟ್ಟಿಯಾಗಿರುತ್ತದೆ. ತಣ್ಣೀರಿನಲ್ಲೇ ಒಗೆ, ಬಿಸಿನೀರು ಹಾಕಬೇಡ.